ಹೆಸರಿಲ್ಲದ ಕುಶಲಕರ್ಮ: ಕೋಲಾರದ ಗಣಿಸೀಮೆಯ ಹಿನ್ನೆಲೆಯಲ್ಲಿ ಧ್ರುವ ಇಂಟರ್‌ಯಾಕ್ಟಿವ್ ಸಂಸ್ಥೆಯ ಇತಿಹಾಸ

೧

ಕರ್ನಾಟಕದ ಕೈಗಾರಿಕಾ ಇತಿಹಾಸವನ್ನು ಬರೆದವರು ಕೋಲಾರದ ಚಿನ್ನದ ಗಣಿಗಳಿಗೂ ಶಿವನಸಮುದ್ರದ ವಿದ್ಯುತ್ತಿಗೂ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೂ ಸಲ್ಲತಕ್ಕ ಸ್ಥಾನವನ್ನು ಸಲ್ಲಿಸಿದ್ದಾರೆ. ಆದರೆ ಕಳೆದ ಮೂರು ದಶಕಗಳಲ್ಲಿ ಬೆಂಗಳೂರಿನಲ್ಲಿ ಬೆಳೆದುಬಂದ ಒಂದು ಕಸುಬು, ಎಂದರೆ ವಿಡಿಯೋ ಆಟಗಳ ರಚನೆ, ಇತಿಹಾಸದ ಅಭ್ಯಾಸಿಗಳ ಗಮನವನ್ನು ಅಷ್ಟಾಗಿ ಸೆಳೆದಂತೆ ಕಾಣುವುದಿಲ್ಲ. ಇದಕ್ಕೆ ಕಾರಣಗಳು ಎರಡು. ಆಟವೆಂದರೆ ಮಕ್ಕಳ ಕಾಲಹರಣವೆಂಬ ಭಾವನೆ ಮೊದಲನೆಯದು. ಎರಡನೆಯ ಕಾರಣ ಇದಕ್ಕಿಂತ ಗಂಭೀರವಾದುದು: ಇಲ್ಲಿ ತಯಾರಾದ ವಸ್ತುವಿನ ಬಹುಭಾಗ ಪರದೇಶದ ಸಂಸ್ಥೆಗಳ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಿತು, ಮಾಡಿದ ಕೈ ಯಾವುದೆಂಬುದು ಕೊಂಡವರಿಗೆ ತಿಳಿಯಲಿಲ್ಲ.

ಈ ಲೇಖನದಲ್ಲಿ ನಾವು ೧೯೯೭ರಿಂದ ೨೦೧೯ರವರೆಗೆ ಬೆಂಗಳೂರಿನಲ್ಲಿ ಸ್ವತಂತ್ರ ಹೆಸರಿನಿಂದ ನಡೆದ ಧ್ರುವ ಇಂಟರ್‌ಯಾಕ್ಟಿವ್ ಎಂಬ ಸಂಸ್ಥೆಯ ಚರಿತ್ರೆಯನ್ನೂ ಅದರ ಕೆಲಸದ ಸ್ವರೂಪವನ್ನೂ ನಿರೂಪಿಸಲು ಉದ್ದೇಶಿಸಿದ್ದೇವೆ. ಅದರೊಡನೆ ಕೋಲಾರದ ಗಣಿಸೀಮೆಯನ್ನೂ ಬಂಗಾರಪೇಟೆಯನ್ನೂ ಚರ್ಚೆಗೆ ತಂದಿರುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಪರದೇಶದ ಬಂಡವಾಳ, ಸ್ಥಳೀಯ ಕೌಶಲ, ದೂರದ ಮಾರುಕಟ್ಟೆ ಈ ಮೂರೂ ಕೂಡಿದಾಗ ಏನಾಗುತ್ತದೆಂಬುದನ್ನು ನಮ್ಮ ನಾಡು ಮೊದಲು ಕಂಡದ್ದು ಆ ಸೀಮೆಯಲ್ಲಿಯೇ ಆದುದರಿಂದ, ಹೊಸ ಕಸುಬನ್ನು ಅಳೆಯಲು ಅಲ್ಲಿನ ಅನುಭವವು ಒಳ್ಳೆಯ ಅಳತೆಗೋಲಾಗುತ್ತದೆಂದು ನಮ್ಮ ಅಭಿಪ್ರಾಯ.

೨

ಆಟವನ್ನು ರಚಿಸುವುದು ಕನ್ನಡ ನಾಡಿಗೆ ಹೊಸದೇನೂ ಅಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಚದುರಂಗದಲ್ಲಿ ಕುದುರೆಯ ನಡೆಯ ಬಂಧಗಳನ್ನು ಕಟ್ಟಿದರು. ಬಗೆಬಗೆಯ ಹಾಸುಗಳನ್ನೂ ಗಂಜೀಫ ಎಲೆಗಳ ಆಟಗಳನ್ನೂ ಕಲ್ಪಿಸಿದರು. ಅವರ ಆಶ್ರಯದಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿಯ ‘ಕೌತುಕನಿಧಿ’ ಎಂಬ ಭಾಗವು ಇಂಥ ಆಟಗಳಿಗೇ ಮೀಸಲಾಗಿದೆ. ಆ ಆಟಗಳ ಕರ್ತೃವೆಂದು ಅರಸರ ಹೆಸರು ಉಳಿದಿದೆ. ಎಲೆಗಳ ಮೇಲೆ ದೇವತೆಗಳ ರೂಪವನ್ನು ಬಣ್ಣದಲ್ಲಿ ಬರೆದ ಚಿತ್ರಗಾರರ ಹೆಸರುಗಳು ಮಾತ್ರ ಆಟದೊಡನೆ ಉಳಿದುಬರಲಿಲ್ಲ. ಕಲ್ಪಿಸಿದವನಿಗೆ ಹೆಸರು, ಕೈಯಿಂದ ಮಾಡಿದವನಿಗೆ ಕೂಲಿ ಎಂಬ ಈ ವಿಭಾಗವನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ಇದೇ ಪ್ರಶ್ನೆ ಬೇರೆ ವೇಷದಲ್ಲಿ ಬರುತ್ತದೆ.

ಜಪಾನಿನ ಉದಾಹರಣೆಯೂ ಇದಕ್ಕೆ ಸಮೀಪವಾಗಿದೆ. ಇಂದು ಜಗತ್ಪ್ರಸಿದ್ಧವಾಗಿರುವ ನಿಂಟೆಂಡೋ ಸಂಸ್ಥೆ ೧೮೮೯ರಲ್ಲಿ ಕ್ಯೋಟೋ ನಗರದಲ್ಲಿ ಹನಾಫುದ ಎಂಬ ಹೂವಿನ ಎಲೆಗಳನ್ನು ತಯಾರಿಸುವ ಅಂಗಡಿಯಾಗಿ ಹುಟ್ಟಿತು. ಅದೇ ಕ್ಯೋಟೋವಿನಲ್ಲಿ ೧೯೭೯ರಲ್ಲಿ ಸ್ಥಾಪಿತವಾದ ತೋಸೆ ಎಂಬ ಇನ್ನೊಂದು ಸಂಸ್ಥೆಯುಂಟು. ಇದು ಸಾವಿರಕ್ಕೂ ಮಿಕ್ಕ ಆಟಗಳ ರಚನೆಯಲ್ಲಿ ಕೈಜೋಡಿಸಿದೆ. ಆದರೂ ಬಹುಮಟ್ಟಿಗೆ ಅದರ ಹೆಸರು ಆ ಆಟಗಳಲ್ಲಿ ಕಾಣುವುದಿಲ್ಲ. ತೆರೆಯ ಹಿಂದೆ ನಿಂತು ಕೆಲಸ ಮಾಡಿಕೊಡುವುದನ್ನೇ ಅದು ತನ್ನ ವ್ಯಾಪಾರಧರ್ಮವನ್ನಾಗಿ ಮಾಡಿಕೊಂಡಿದೆ. ಜಪಾನಿನ ಸಣ್ಣ ಸಂಸ್ಥೆಗಳಲ್ಲಿ ೧೯೮೦ರ ದಶಕದಲ್ಲಿ ಕೆಲಸಗಾರರ ನಿಜನಾಮಗಳ ಬದಲು ಅಡ್ಡಹೆಸರುಗಳನ್ನು ಆಟದ ಕೊನೆಯಲ್ಲಿ ತೋರಿಸುವ ಪದ್ಧತಿಯೂ ಇದ್ದಿತು. ಒಳ್ಳೆಯ ಕುಶಲಿಗಳನ್ನು ಪ್ರತಿಸ್ಪರ್ಧಿಗಳು ಸೆಳೆದುಕೊಂಡಾರೆಂಬ ಭಯವೇ ಇದರ ಮೂಲ. ಅಮೆರಿಕದಲ್ಲಿಯೂ ಸ್ಥಿತಿ ಭಿನ್ನವಾಗಿರಲಿಲ್ಲ. ಅಟಾರಿ ಸಂಸ್ಥೆಯ ವಾರನ್ ರಾಬಿನೆಟ್ ಎಂಬ ರಚನಕಾರನು ‘ಅಡ್ವೆಂಚರ್’ ಎಂಬ ತನ್ನ ಆಟದಲ್ಲಿ ಗುಪ್ತವಾದ ಒಂದು ಕೋಣೆಯನ್ನು ಮಾಡಿ, ಮಾಲಿಕರಿಗೆ ತಿಳಿಯದಂತೆ ತನ್ನ ಹೆಸರನ್ನು ಅಲ್ಲಿ ಬರೆದಿಟ್ಟನು. ಹೆಸರನ್ನು ಕದ್ದು ಬರೆಯಬೇಕಾಗಿ ಬಂದಿತೆಂದರೆ ಅದಕ್ಕೆ ಇದ್ದ ಬೆಲೆ ಎಷ್ಟೆಂಬುದನ್ನು ಊಹಿಸಬಹುದು.

೩

ಧ್ರುವ ಇಂಟರ್‌ಯಾಕ್ಟಿವ್ ಸಂಸ್ಥೆಯನ್ನು ರಾಜೇಶ್ ರಾವ್ ಅವರು ೧೯೯೭ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದರು. ಭಾರತದಲ್ಲಿ ಆಟಗಳ ರಚನೆಯನ್ನೇ ಮುಖ್ಯ ವೃತ್ತಿಯಾಗಿ ಕೈಗೊಂಡ ಮೊದಮೊದಲ ಸಂಸ್ಥೆಗಳಲ್ಲಿ ಇದೊಂದು. ಆ ಕಾಲದಲ್ಲಿ ಬೆಂಗಳೂರು ತಂತ್ರಾಂಶದ ಊರೆಂದು ಹೆಸರು ಪಡೆಯುತ್ತಿದ್ದಿತು. ಆದರೆ ಇಲ್ಲಿನ ಕೆಲಸವೆಲ್ಲ ಬ್ಯಾಂಕುಗಳ ಲೆಕ್ಕ, ವಿಮೆಯ ಲೆಕ್ಕ, ವ್ಯಾಪಾರ ಸಂಸ್ಥೆಗಳ ಲೆಕ್ಕ. ಆಟಕ್ಕೆ ಬೇಕಾದುದು ಲೆಕ್ಕದೊಡನೆ ಚಿತ್ರ, ಶಿಲ್ಪ, ಚಲನೆ, ಶಬ್ದ ಎಲ್ಲವೂ. ಇವನ್ನು ಕಲಿಸುವ ಶಾಲೆ ದೇಶದಲ್ಲಿ ಇರಲಿಲ್ಲವಾಗಿ, ಇಂಥ ಸಂಸ್ಥೆ ಕಾರ್ಖಾನೆಯೂ ಪಾಠಶಾಲೆಯೂ ಆಗಬೇಕಾಯಿತು.

ಮೊದಲ ವರ್ಷಗಳಲ್ಲಿಯೇ ಫ್ರಾನ್ಸಿನ ಇನ್ಫೋಗ್ರಾಮ್ಸ್ ಸಂಸ್ಥೆಗಾಗಿ ‘ಮಿಷನ್ ಇಂಪಾಸಿಬಲ್’ ಎಂಬ ಚಲನಚಿತ್ರವನ್ನು ಆಧರಿಸಿದ ಆಟಕ್ಕೆ ಕಂಪ್ಯೂಟರಿನ ರೂಪವನ್ನು ಕೊಡುವ ಕೆಲಸ ಧ್ರುವಕ್ಕೆ ದೊರೆಯಿತು. ಆ ಆಟ ಬೇರೆ ಯಂತ್ರಗಳಿಗೆ ೧೯೯೮ ಮತ್ತು ೧೯೯೯ರಲ್ಲಿ ಪ್ರಕಟವಾಯಿತೇ ಹೊರತು ಕಂಪ್ಯೂಟರಿನ ರೂಪ ಮಾರುಕಟ್ಟೆಯನ್ನು ಕಾಣಲಿಲ್ಲ. ಬೇಡಿಕೆಯ ಮೇಲೆ ಕೆಲಸ ಮಾಡುವ ಸಣ್ಣ ಸಂಸ್ಥೆಯ ಭವಿಷ್ಯವು ದೂರದಲ್ಲಿ ಕುಳಿತ ಪ್ರಕಾಶಕರ ನಿರ್ಣಯವನ್ನು ಅವಲಂಬಿಸಿರುತ್ತದೆಂಬ ಪಾಠ ಇಲ್ಲಿ ಆರಂಭದಲ್ಲಿಯೇ ಕಾಣುತ್ತದೆ.

ಮುಂದಿನ ದಶಕದಲ್ಲಿ ಸಂಸ್ಥೆ ಎರಡು ದಾರಿಗಳನ್ನು ಹಿಡಿಯಿತು. ಒಂದು, ಸಂಚಾರಿ ದೂರವಾಣಿಗಳಿಗೆ ಸಣ್ಣ ಆಟಗಳನ್ನು ಮಾಡುವುದು. ಅಮೆರಿಕದ ಪತ್ರಿಕಾಲೇಖಕ ಥಾಮಸ್ ಫ್ರೀಡ್‌ಮನ್ ೨೦೦೫ರಲ್ಲಿ ಪ್ರಕಟಿಸಿದ ‘ದಿ ವರ್ಲ್ಡ್ ಈಸ್ ಫ್ಲಾಟ್’ ಎಂಬ ಗ್ರಂಥದಲ್ಲಿ ರಾಜೇಶ್ ರಾವ್ ಅವರ ಪ್ರಸ್ತಾಪವಿದೆ; ಚಾರ್ಲಿ ಚಾಪ್ಲಿನ್ನನ ರೂಪವನ್ನು ದೂರವಾಣಿಯ ಆಟಗಳಲ್ಲಿ ಬಳಸುವ ಹಕ್ಕನ್ನು ಧ್ರುವ ಪಡೆದುಕೊಂಡಿದ್ದ ಸಂಗತಿಯೂ ಅಲ್ಲಿ ಬರುತ್ತದೆ. ಬೆಂಗಳೂರಿನ ಒಂದು ಸಣ್ಣ ಸಂಸ್ಥೆ ಪಶ್ಚಿಮದ ಮೂಕಚಿತ್ರದ ನಾಯಕನ ಹಕ್ಕನ್ನು ಕೊಂಡದ್ದು, ಕೊಡುವ ಕೈ ಪಡೆಯುವ ಕೈಗಳು ಅದಲುಬದಲಾದ ಅಪರೂಪದ ಪ್ರಸಂಗ. ಎರಡನೆಯ ದಾರಿ, ಪರದೇಶದ ದೊಡ್ಡ ಆಟಗಳಿಗೆ ಬೇಕಾದ ಚಿತ್ರಸಾಮಗ್ರಿಯನ್ನು ಒದಗಿಸುವುದು. ಸಂಸ್ಥೆಗೆ ಅನ್ನವಿಕ್ಕಿದ್ದು, ಹೆಸರು ತಂದದ್ದು ಈ ಎರಡನೆಯ ದಾರಿಯೇ. ಮೈಕ್ರೋಸಾಫ್ಟ್ ಸಂಸ್ಥೆಯ ‘ಫೋರ್ಜಾ’ ಎಂಬ ಮೋಟಾರು ಪಂದ್ಯದ ಆಟಗಳ ಮಾಲೆ, ‘ಕ್ವಾಂಟಮ್ ಬ್ರೇಕ್’ (೨೦೧೬), ‘ಸೀ ಆಫ್ ಥೀವ್ಸ್’ (೨೦೧೮), ‘ಡೇಸ್ ಗಾನ್’ (೨೦೧೯) ಮೊದಲಾದ ಆಟಗಳಲ್ಲಿ ಧ್ರುವದ ಕಲಾವಿದರ ಕೆಲಸ ಸೇರಿದೆ. ರಾಜೇಶ್ ರಾವ್ ಅವರು ನಾಸ್ಕಾಂ ಸಂಘದ ಆಟಗಳ ವಿಭಾಗದ ಅಧ್ಯಕ್ಷರಾಗಿ ಈ ಉದ್ಯಮವನ್ನು ಸಂಘಟಿಸುವ ಕಾರ್ಯವನ್ನೂ ಮಾಡಿದರು. ೨೦೧೨ರಲ್ಲಿ ಕರ್ನಾಟಕ ಸರ್ಕಾರವು ಚಲಿಸುವ ಚಿತ್ರ, ದೃಶ್ಯಪರಿಣಾಮ, ಆಟ ಮತ್ತು ಚಿತ್ರಕಥೆಗಳ ಉದ್ಯಮಕ್ಕಾಗಿಯೇ ಪ್ರತ್ಯೇಕ ನೀತಿಯನ್ನು ಪ್ರಕಟಿಸಿದ್ದು ಈ ಅವಧಿಯಲ್ಲಿಯೇ.

ಸಂಸ್ಥೆಯ ಕೊನೆಯ ಘಟ್ಟ ತ್ವರಿತವಾದುದು. ಸ್ವೀಡನ್ನಿನ ಸ್ಟಾರ್‌ಬ್ರೀಜ್ ಸಂಸ್ಥೆಯು ಧ್ರುವದ ಶೇಕಡಾ ೯೦.೫ ಭಾಗವನ್ನು ೮೫ ಲಕ್ಷ ಡಾಲರುಗಳಿಗೆ ಕೊಳ್ಳುವುದಾಗಿ ೨೦೧೬ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಎರಡೇ ವರ್ಷಗಳಲ್ಲಿ, ತನ್ನ ಒಂದು ದೊಡ್ಡ ಆಟ ಸೋತುದರ ಪರಿಣಾಮವಾಗಿ, ಸ್ಟಾರ್‌ಬ್ರೀಜ್ ಸಾಲದ ಸಂಕಟಕ್ಕೆ ಸಿಕ್ಕಿ ೨೦೧೮ರ ಡಿಸೆಂಬರಿನಲ್ಲಿ ನ್ಯಾಯಾಲಯದ ಮೇಲ್ವಿಚಾರಣೆಯ ಪುನಾರಚನೆಗೆ ಒಳಗಾಯಿತು. ೨೦೧೯ರ ಮೇ ತಿಂಗಳಲ್ಲಿ ಅದು ತನ್ನ ಕೈಯಲ್ಲಿದ್ದ ಶೇಕಡಾ ೯೧.೮೨ ಭಾಗವನ್ನು ೭೯ ಲಕ್ಷ ಡಾಲರುಗಳಿಗೆ ಅಮೆರಿಕದ ರಾಕ್‌ಸ್ಟಾರ್ ಸಂಸ್ಥೆಗೆ ಮಾರಿತು. ಮುನ್ನೂರಕ್ಕೂ ಹೆಚ್ಚು ಮಂದಿ ಕುಶಲಿಗಳು ಬೆಂಗಳೂರಿನಲ್ಲಿಯೇ ಇದ್ದ ರಾಕ್‌ಸ್ಟಾರ್ ಇಂಡಿಯಾ ಎಂಬ ಶಾಖೆಯಲ್ಲಿ ಸೇರಿದರು. ಧ್ರುವ ಎಂಬ ಹೆಸರು ಇಪ್ಪತ್ತೆರಡು ವರ್ಷಗಳ ತರುವಾಯ ಅಲ್ಲಿಗೆ ನಿಂತಿತು. ಬೆಂಗಳೂರಿನಲ್ಲಿ ಯಾವ ಸೋಲೂ ಘಟಿಸದಿದ್ದರೂ ಸ್ಟಾಕ್‌ಹೋಮಿನ ಸೋಲಿನ ಫಲವನ್ನು ಬೆಂಗಳೂರು ಉಣ್ಣಬೇಕಾಯಿತೆಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು.

೪

ಇನ್ನು ಕೆಲಸದ ಸ್ವರೂಪವನ್ನು ಸ್ವಲ್ಪ ವಿವರಿಸುವುದು ಅವಶ್ಯ. ಪಂದ್ಯದ ಆಟದಲ್ಲಿ ಕಾಣುವ ಒಂದು ಮೋಟಾರನ್ನು ತೆಗೆದುಕೊಳ್ಳೋಣ. ಕಲಾವಿದನಿಗೆ ಆ ಮೋಟಾರಿನ ನೂರಾರು ಛಾಯಾಚಿತ್ರಗಳೂ ಅಳತೆಗಳೂ ಬರುತ್ತವೆ. ಅವುಗಳ ನೆರವಿನಿಂದ ಅವನು ಕಂಪ್ಯೂಟರಿನಲ್ಲಿ ಸಣ್ಣ ಸಣ್ಣ ಬಹುಭುಜಗಳ ಬಲೆಯನ್ನು ಹೆಣೆದು ಮೋಟಾರಿನ ಮೈಯನ್ನು ಕಟ್ಟುತ್ತಾನೆ. ಆ ಬಲೆಯನ್ನು ಅಂಗಿಯ ಬಟ್ಟೆಯಂತೆ ಬಿಚ್ಚಿ ಹಾಸಿ, ಅದರ ಮೇಲೆ ಬಣ್ಣ, ಹೊಳಪು, ಧೂಳು, ಗೀರುಗಳನ್ನು ಬರೆದು, ಮತ್ತೆ ಮೈಗೆ ಹೊದಿಸುತ್ತಾನೆ. ಹತ್ತಿರದಿಂದ ಕಾಣುವಾಗ ಒಂದು, ದೂರದಿಂದ ಕಾಣುವಾಗ ಇನ್ನೊಂದು ಎಂಬಂತೆ ಒಂದೇ ಮೋಟಾರಿಗೆ ಹಲವು ಪ್ರತಿಗಳನ್ನು, ವಿವರಗಳನ್ನು ಕ್ರಮವಾಗಿ ಕಡಮೆಮಾಡುತ್ತ, ತಯಾರಿಸಬೇಕು. ಇಲ್ಲದಿದ್ದರೆ ಯಂತ್ರಕ್ಕೆ ಹೊರೆಯಾಗಿ ಆಟ ತಡವರಿಸುತ್ತದೆ. ಪ್ರತಿಯೊಂದು ಹಂತವನ್ನೂ ಪರದೇಶದ ಗಿರಾಕಿ ಪರೀಕ್ಷಿಸಿ ತಿದ್ದುಪಡಿಗಳನ್ನು ಸೂಚಿಸುತ್ತಾನೆ.

ಇದನ್ನು ಕೇವಲ ನಕಲಿನ ಕೆಲಸವೆನ್ನುವುದು ತಪ್ಪು. ಎಲ್ಲಿ ಬಹುಭುಜವನ್ನು ಉಳಿಸಬೇಕು, ಎಲ್ಲಿ ಬಿಡಬೇಕು ಎಂಬ ತೀರ್ಮಾನ ಶಿಲ್ಪಿಯ ತೀರ್ಮಾನದಂತೆಯೇ ಕಣ್ಣಿನ ಶಿಕ್ಷಣದಿಂದ ಬರತಕ್ಕದ್ದು. ಆದರೆ ಯಾವ ಮೋಟಾರು, ಯಾವ ಕಥೆ, ಯಾವ ಲೋಕ ಎಂಬುದನ್ನು ನಿರ್ಣಯಿಸುವ ಅಧಿಕಾರ ಇಲ್ಲಿರಲಿಲ್ಲ. ಕೌಶಲ ಇಲ್ಲಿಯದು, ಕಲ್ಪನೆಯೂ ಹಕ್ಕೂ ಅಲ್ಲಿಯವು. ಗಂಜೀಫದ ಚಿತ್ರಗಾರನ ಸ್ಥಿತಿಗೂ ಇದಕ್ಕೂ ಇರುವ ಸಾಮ್ಯ ಸ್ಪಷ್ಟವಾಗಿದೆ. ಅರಮನೆ ಮಾತ್ರ ಸಮುದ್ರದಾಚೆಗೆ ಹೋಗಿದೆ.

೫

ಈಗ ಕೋಲಾರದ ಕಡೆಗೆ ತಿರುಗೋಣ. ಮಾರಿಕುಪ್ಪದ ಸುತ್ತಣ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುತ್ತಿದ್ದುದನ್ನು ಲೆಫ್ಟಿನೆಂಟ್ ಜಾನ್ ವಾರನ್ ೧೮೦೨ರಲ್ಲಿ ಕಂಡು ವರದಿಮಾಡಿದನು. ಮೈಕೆಲ್ ಲವೆಲ್ ಎಂಬ ಐರಿಷ್ ಸೈನಿಕನು ೧೮೭೦ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಅಗೆಯುವ ಹಕ್ಕನ್ನು ಪಡೆದನು. ೧೮೮೦ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಪ್ರವೇಶವಾಯಿತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂಬ ಗಣಿಗಳು ಬೆಳೆದವು. ಮದರಾಸು ರೈಲುದಾರಿಯ ಮೇಲಿದ್ದ ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಕ್ಕೆ ಕವಲುದಾರಿ ೧೮೯೪ರಲ್ಲಿ ತೆರೆಯಿತು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು ೧೪೭ ಕಿಲೋಮೀಟರು ದೂರ ಹರಿದುಬಂದು ಗಣಿಗಳನ್ನು ಬೆಳಗಿಸಿತು. ಬೆಂಗಳೂರು ನಗರಕ್ಕೆ ಆ ಬೆಳಕು ದೊರೆತದ್ದು ಅದರ ತರುವಾಯ. ಕಂಪೆನಿಗಳು ನೋಂದಣಿಯಾದದ್ದು ಲಂಡನ್ನಿನಲ್ಲಿ, ಷೇರುದಾರರಿದ್ದದ್ದು ಅಲ್ಲಿಯೇ. ಮೈಸೂರು ಸರ್ಕಾರಕ್ಕೆ ಸಂದದ್ದು ರಾಜಧನ. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು ೮೦೦ ಟನ್ನು ಚಿನ್ನ ಮೂರು ಕಿಲೋಮೀಟರಿಗೂ ಮೀರಿದ ಆಳದಿಂದ ಮೇಲೆ ಬಂದಿತು. ಗಣಿಗಳು ೧೯೫೬ರಲ್ಲಿ ಮೈಸೂರು ಸರ್ಕಾರದ, ೧೯೬೨ರಲ್ಲಿ ಕೇಂದ್ರ ಸರ್ಕಾರದ ವಶಕ್ಕೆ ಬಂದು, ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸಂಸ್ಥೆಯಾಗಿ, ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿದವು.

ಮುಚ್ಚಿದ ತರುವಾಯ ಆ ಕವಲುದಾರಿ ಹೊಸ ಕೆಲಸಕ್ಕೆ ಬಂದಿತು. ಹಿಂದೆ ಗಣಿಗೆ ಬೇಕಾದ ಯಂತ್ರಗಳನ್ನು ತಂದ ರೈಲು, ಬೆಳಗಿನ ಜಾವ ಮಾರಿಕುಪ್ಪದಿಂದ ಹೊರಟು ಬಂಗಾರಪೇಟೆಯ ಮೂಲಕ ಸಾವಿರಾರು ಮಂದಿಯನ್ನು ಬೆಂಗಳೂರಿನ ಕೆಲಸಗಳಿಗೆ ಒಯ್ದು, ರಾತ್ರಿ ಹಿಂದಕ್ಕೆ ತರುವ ಸಾಧನವಾಯಿತು. ಗಣಿಕಾರರ ಮಕ್ಕಳು ಮೊಮ್ಮಕ್ಕಳ ಜೀವನ ಬೆಂಗಳೂರಿನ ಸೇವೋದ್ಯಮಗಳೊಡನೆ ಹೀಗೆ ಹೆಣೆದುಕೊಂಡಿತು. ಆದುದರಿಂದ ಈ ಎರಡು ಚರಿತ್ರೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು ಕೇವಲ ಉಪಮೆಯ ಮಾತಲ್ಲ; ಅವೆರಡೂ ಒಂದೇ ರೈಲುದಾರಿಯ ಎರಡು ತುದಿಗಳು.

ಗಣಿಯಲ್ಲಿ ಹೆಸರಿನ ಪ್ರಶ್ನೆ ಹೇಗಿತ್ತು? ಉತ್ತರ ಆರ್ಕಾಟು, ಸೇಲಂ, ಚಿತ್ತೂರುಗಳ ಕಡೆಯಿಂದ ಬಂದು ಕೆಳಗಿಳಿದವರು ಕಂಪೆನಿಯ ಪುಸ್ತಕದಲ್ಲಿ ಬಹುಮಟ್ಟಿಗೆ ಸಂಖ್ಯೆಗಳಾಗಿದ್ದರು. ೧೯೩೦ರಲ್ಲಿ ಕೆಲಸಗಾರರನ್ನು ಬೆರಳೊತ್ತಿನ ಮೂಲಕ ದಾಖಲೆ ಮಾಡಿಕೊಳ್ಳುವ ಏರ್ಪಾಡು ಬಂದಾಗ ಗಣಿಗಳಲ್ಲಿ ದೊಡ್ಡ ಮುಷ್ಕರವಾಯಿತು. ದಾಖಲೆಯಾಗುವುದೆಂದರೆ ಗೌರವ ಪಡೆಯುವುದೆಂದು ಅವರಿಗೆ ತೋರಲಿಲ್ಲ. ಅದು ಅಪರಾಧಿಗಳಂತೆ ಗುರುತು ಹಚ್ಚಿಸಿಕೊಳ್ಳುವುದೆಂದು ತೋರಿತು. ಹೆಸರನ್ನು ಬರೆಯುವುದರಲ್ಲಿಯೂ ಎರಡು ಬಗೆಯುಂಟೆಂದು ಇದರಿಂದ ಅರಿಯಬೇಕು: ಮಾಡಿದ ಕೆಲಸಕ್ಕೆ ಕರ್ತೃವೆಂದು ಬರೆಯುವುದು ಒಂದು, ಕೆಲಸದಿಂದ ತಪ್ಪಿಸಿಕೊಳ್ಳದಿರಲೆಂದು ಬರೆಯುವುದು ಇನ್ನೊಂದು.

ಅದೇ ಗಣಿಯಲ್ಲಿ ಮೊದಲನೆಯ ಬಗೆಯ ಉದಾಹರಣೆಯೂ ಇದೆ. ಚಾಂಪಿಯನ್ ರೀಫ್ ಗಣಿಯ ಆಳದಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಕೂಡಿ ನಡೆಸಿದ ಪ್ರಯೋಗದಿಂದ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವು ೧೯೬೫ರಲ್ಲಿ ದೊರೆಯಿತು. ಆ ಸಂಶೋಧನೆಯ ಪ್ರಬಂಧದಲ್ಲಿ ಎಂ. ಜಿ. ಕೆ. ಮೆನನ್, ಎಸ್. ಮಿಯಾಕೆ, ಎ. ಡಬ್ಲ್ಯೂ. ವುಲ್ಫೆಂಡೇಲ್ ಮೊದಲಾದವರ ಹೆಸರುಗಳಿವೆ. ಒಂದೇ ಗಣಿಯಿಂದ ಚಿನ್ನವೂ ಬಂದಿತು, ಜ್ಞಾನವೂ ಬಂದಿತು. ಜ್ಞಾನಕ್ಕೆ ಕರ್ತೃಗಳ ಹೆಸರು ಅಂಟಿತು, ಚಿನ್ನಕ್ಕೆ ಅಂಟಲಿಲ್ಲ. ಇದು ವಸ್ತುವಿನ ಸ್ವಭಾವದಿಂದ ಆದದ್ದಲ್ಲ. ಆಯಾ ಕಸುಬಿನವರು ತಮ್ಮೊಳಗೆ ಒಪ್ಪಿಕೊಂಡ ರೂಢಿಯಿಂದ ಆದದ್ದು. ರೂಢಿಯಾದುದರಿಂದಲೇ ಅದನ್ನು ಬದಲಾಯಿಸಲೂ ಸಾಧ್ಯ.

೬

ಧ್ರುವದ ಚರಿತ್ರೆಯನ್ನು ಹೊಸ ಗಣಿಗಾರಿಕೆಯೆಂದು ಕರೆದು ಮುಗಿಸಿಬಿಡಬಹುದೇ? ನಮಗೆ ಹಾಗೆ ತೋರುವುದಿಲ್ಲ. ಸಾಮ್ಯ ಇರುವಷ್ಟೇ ವ್ಯತ್ಯಾಸವೂ ಇದೆ. ಗಣಿಯ ಸಂಪತ್ತು ತೆಗೆದಷ್ಟೂ ಸವೆಯಿತು. ಆಳ ಹೆಚ್ಚಿದಂತೆ ಖರ್ಚು ಏರಿ ಅದಿರಿನ ಸತ್ವ ಇಳಿಯಿತು. ಕೈಯ ಕೌಶಲವಾದರೋ ಬಳಸಿದಷ್ಟೂ ಬೆಳೆಯತಕ್ಕದ್ದು. ಧ್ರುವದಲ್ಲಿ ಕಲಿತವರು ಹೊರಗೆ ಹೋಗಿ ಬೇರೆ ಸಂಸ್ಥೆಗಳಲ್ಲಿ ಕೆಲಸ ಮಾಡಬಲ್ಲರು, ತಮ್ಮವೇ ಆದ ಆಟಗಳನ್ನು ಕಲ್ಪಿಸಬಲ್ಲರು. ಗಣಿಕಾರನ ಕೌಶಲಕ್ಕೆ ಗಣಿ ಮುಚ್ಚಿದ ಮರುದಿನ ಆ ಊರಿನಲ್ಲಿ ಗಿರಾಕಿಯಿರಲಿಲ್ಲ. ಗಣಿಯಲ್ಲಿ ಬಂಡೆ ಸಿಡಿದು ಪ್ರಾಣಹಾನಿಯಾಗುತ್ತಿದ್ದುದನ್ನೂ, ಅಲ್ಲಿನ ಧೂಳು ಶ್ವಾಸಕೋಶಗಳನ್ನು ಸೇರುತ್ತಿದ್ದುದನ್ನೂ ನೆನೆದರೆ, ಕುರ್ಚಿಯಲ್ಲಿ ಕುಳಿತು ಮಾಡುವ ಕೆಲಸವನ್ನು ಅದರೊಡನೆ ಸಮಮಾಡುವುದು ಗಣಿಕಾರರಿಗೆ ಮಾಡುವ ಅನ್ಯಾಯವೂ ಆದೀತು.

ಒಂದು ವಿಷಯದಲ್ಲಿ ಮಾತ್ರ ಹೊಸ ಕಸುಬಿನ ಸ್ಥಿತಿ ಹಳೆಯದಕ್ಕಿಂತ ಶೋಚನೀಯವಾಗಿದೆ. ಗಣಿ ಮುಚ್ಚಿದರೂ ಅದರ ಗುರುತು ಉಳಿಯಿತು. ಸಯನೈಡ್ ದಿಬ್ಬಗಳು ನಿಂತಿವೆ, ಕೆಲಸಗಾರರ ಸಾಲುಮನೆಗಳಿವೆ, ಸರ್ಕಾರದ ವರದಿಗಳು ಗ್ರಂಥಾಲಯಗಳಲ್ಲಿವೆ. ೨೦೧೮ ಮತ್ತು ೨೦೨೨ರಲ್ಲಿ ತೆರೆಕಂಡ ‘ಕೆ.ಜಿ.ಎಫ್.’ ಎಂಬ ಕನ್ನಡ ಚಿತ್ರಗಳ ಕಥೆ ಕಲ್ಪಿತವೇ ಆದರೂ, ಆ ಊರಿನ ಹೆಸರನ್ನು ದೇಶಕ್ಕೆಲ್ಲ ಮತ್ತೊಮ್ಮೆ ನೆನಪಿಸಿದವು. ಆಟದ ಕಾರ್ಖಾನೆ ಇಂಥ ದಿಬ್ಬವನ್ನು ಬಿಡುವುದಿಲ್ಲ. ಕರಡು ಚಿತ್ರಗಳೂ ಮಾದರಿಗಳೂ ತಿದ್ದುಪಡಿಯ ಪತ್ರಗಳೂ ಗಿರಾಕಿಯ ಸ್ವತ್ತು. ಕರಾರಿನ ಮೇರೆಗೆ ಅವು ಗೋಪ್ಯ. ಸಂಸ್ಥೆ ಕೈಬದಲಾದಾಗ ಕಡತಗಳೂ ಕೈಬದಲಾಗುತ್ತವೆ. ಯಂತ್ರಗಳು ಹಳತಾದಂತೆ ಹಳೆಯ ಆಟಗಳನ್ನು ತೆರೆಯುವುದೇ ಕಷ್ಟವಾಗುತ್ತದೆ. ದೂರವಾಣಿಗೆಂದು ಮಾಡಿದ ಇಪ್ಪತ್ತು ವರ್ಷಗಳ ಹಿಂದಿನ ಆಟವು, ಆ ಬಗೆಯ ದೂರವಾಣಿಯೇ ಬಳಕೆಯಿಂದ ಹೋದ ಮೇಲೆ, ಲಿಪಿ ತಿಳಿಯದ ಶಾಸನದಂತೆ. ಶಾಸನಕ್ಕಾದರೂ ಕಲ್ಲಿನ ಆಸರೆಯಿದೆ.

ಹೀಗಿರಲು ಆಟದ ಕೊನೆಯಲ್ಲಿ ಹರಿಯುವ ಹೆಸರುಗಳ ಪಟ್ಟಿಯೇ ಈ ಕಸುಬಿನ ಮುಖ್ಯ ಶಾಸನವಾಗುತ್ತದೆ. ಆ ಪಟ್ಟಿಯಲ್ಲಿ ಹೊರಗಿನ ಸಂಸ್ಥೆಗಳ ಕೆಲಸಗಾರರನ್ನು ಸೇರಿಸಬೇಕೇ ಬೇಡವೇ ಎಂಬುದನ್ನು ಪ್ರಕಾಶಕರು ತಮ್ಮ ಇಷ್ಟದಂತೆ ನಿರ್ಧರಿಸುತ್ತ ಬಂದಿದ್ದಾರೆ; ಕೆಲವು ಕಡೆ ಸಂಸ್ಥೆಯ ಹೆಸರು ಮಾತ್ರ ಬಂದು ವ್ಯಕ್ತಿಗಳ ಹೆಸರು ಬಿಟ್ಟುಹೋಗುತ್ತದೆ. ಆಟರಚನಕಾರರ ಅಂತಾರಾಷ್ಟ್ರೀಯ ಸಂಘವು ಹೆಸರು ಕೊಡುವುದರ ಬಗೆಗೆ ನಿಯಮಗಳನ್ನು ಸೂಚಿಸಿದೆ. ಆದರೆ ಅವು ಸಲಹೆಗಳೇ ಹೊರತು ಕಟ್ಟಳೆಗಳಲ್ಲ. ಕರ್ನಾಟಕ ಸರ್ಕಾರ ೨೦೧೨ರ ತರುವಾಯ ೨೦೧೭ರಲ್ಲಿಯೂ ೨೦೨೪ರಲ್ಲಿಯೂ ತನ್ನ ನೀತಿಯನ್ನು ನವೀಕರಿಸಿದೆ. ಸರ್ಕಾರದ ನೆರವನ್ನು ಪಡೆಯುವ ಸಂಸ್ಥೆಗಳು ತಮ್ಮ ಕೆಲಸಗಾರರ ಹೆಸರುಗಳ ಪಟ್ಟಿಯನ್ನೂ, ಕರಾರಿನ ಗೋಪ್ಯದ ಅವಧಿ ಕಳೆದ ಮೇಲೆ ಕೃತಿಗಳ ಒಂದು ಪ್ರತಿಯನ್ನೂ ಸಾರ್ವಜನಿಕ ಗ್ರಂಥಾಲಯವೊಂದಕ್ಕೆ ಒಪ್ಪಿಸಬೇಕೆಂಬ ನಿಬಂಧನೆ ಇಂಥ ನೀತಿಯಲ್ಲಿ ಸೇರಿದರೆ ಅದು ದೊಡ್ಡ ಉಪಕಾರವಾಗುತ್ತದೆ. ಮುದ್ರಿತ ಪುಸ್ತಕದ ಪ್ರತಿಯನ್ನು ಗ್ರಂಥಾಲಯಗಳಿಗೆ ಒಪ್ಪಿಸುವ ಕಾನೂನು ನಮ್ಮ ದೇಶದಲ್ಲಿ ೧೯೫೪ರಿಂದಲೂ ಇದೆ. ಆಟಕ್ಕೆ ಅದು ಅನ್ವಯಿಸಬಾರದೆಂಬುದಕ್ಕೆ ತಕ್ಕ ಕಾರಣ ಕಾಣುವುದಿಲ್ಲ.

೭

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸಿದ್ಧವಾಗುತ್ತವೆ. ಧ್ರುವ ಸಂಸ್ಥೆ ತನ್ನ ಇಪ್ಪತ್ತೆರಡು ವರ್ಷಗಳ ಜೀವನದಲ್ಲಿ ಕನ್ನಡ ನಾಡಿನ ನೆಲದಲ್ಲಿ ಒಂದು ಹೊಸ ಕುಶಲಕರ್ಮವನ್ನು ನೆಲೆಗೊಳಿಸಿತೆಂಬುದು ಮೊದಲನೆಯದು. ಆ ಕುಶಲಕರ್ಮದ ಫಲ ಪರರ ಹೆಸರಿನಲ್ಲಿ ಸಂದದ್ದು ಕ್ಯೋಟೋವಿನ ತೋಸೆಯಂಥ ಸಂಸ್ಥೆಗಳ ಮಾರ್ಗಕ್ಕೆ ಹೊಂದಿಕೊಂಡದ್ದಾದರೂ, ಒಡೆತನ ದೂರದಲ್ಲಿದ್ದುದರಿಂದ ಬಂದ ಅಸ್ಥಿರತೆ ಕೋಲಾರದ ಗಣಿಗಳ ಅನುಭವಕ್ಕೆ ಸಮೀಪವಾದುದೆಂಬುದು ಎರಡನೆಯದು. ಕುಶಲಿಗಳ ಹೆಸರು ಉಳಿಯುವುದೂ ಅಳಿಯುವುದೂ ರೂಢಿಯನ್ನು ಅವಲಂಬಿಸಿದೆ, ಆ ರೂಢಿಯನ್ನು ತಿದ್ದಬಹುದು ಎಂಬುದು ಮೂರನೆಯದು.

ಕೊನೆಯದಾಗಿ ನಮ್ಮ ವಿದ್ಯಾರ್ಥಿಗಳಲ್ಲಿ ಒಂದು ಮಾತು. ಕೋಲಾರ, ಬಂಗಾರಪೇಟೆ, ರಾಬರ್ಟ್‌ಸನ್‌ಪೇಟೆಗಳ ಕಾಲೇಜುಗಳಲ್ಲಿ ಓದುತ್ತಿರುವವರ ಮನೆಗಳಲ್ಲಿ ಗಣಿಯಲ್ಲಿ ದುಡಿದ ಹಿರಿಯರೂ ಬೆಂಗಳೂರಿನ ಕಂಪ್ಯೂಟರು ಕೆಲಸಗಳಿಗೆ ಹೋಗುವ ಕಿರಿಯರೂ ಒಟ್ಟಿಗೆ ಇರಬಹುದು. ಇಬ್ಬರ ಮಾತುಗಳನ್ನೂ ಬರೆದಿಟ್ಟುಕೊಳ್ಳುವ ಅವಕಾಶ ಅವರಿಗೆ ಇರುವಷ್ಟು ಬೇರೆಯವರಿಗಿಲ್ಲ. ಹಿರಿಯರಿಂದ ಯಾವ ಗಣಿ, ಯಾವ ಮಟ್ಟ, ಯಾವ ಕೆಲಸ, ಯಾವ ವರ್ಷ ಎಂದು ಕೇಳಿ ಬರೆದುಕೊಳ್ಳಲಿ. ಕಿರಿಯರಿಂದ ಯಾವ ಆಟ, ಯಾವ ಭಾಗ, ಯಾವ ಉಪಕರಣ ಎಂದು, ಅವರ ಕರಾರು ಅನುಮತಿಸುವ ಮಟ್ಟಿಗೆ, ಕೇಳಿ ಬರೆದುಕೊಳ್ಳಲಿ. ಅಂಥ ಬರಹಗಳನ್ನು ಆಯಾ ಕಾಲೇಜಿನ ಗ್ರಂಥಾಲಯದಲ್ಲಿ ಜೋಪಾನವಾಗಿ ಕಾಯ್ದಿರಿಸುವ ಏರ್ಪಾಡನ್ನು ಅಧ್ಯಾಪಕರು ಮಾಡಿಕೊಟ್ಟರೆ, ಮುಂದೆ ಈ ಕಸುಬಿನ ಸಮಗ್ರ ಚರಿತ್ರೆಯನ್ನು ಬರೆಯಹೊರಡುವವರಿಗೆ ಆಧಾರ ದೊರೆಯುತ್ತದೆ.